ಮೇಲಿನ ಸಾಲಿನ ಹಲ್ಲು

ಡಾಕ್ಟರಮ್ಮ ತನ್ನನ್ನೇ ಏನಾದರೂ ಕೇಳಿಬಿಟ್ಟರೆ ಏನು ಮಾಡುವುದು? ತುಮಕೂರಿಗೆ ಹೊರಡುವ ದಿನ ಬೆಳಗ್ಗೆ ಎದ್ದಾಗಿನಿಂದ ನಿಸರ್ಗಳಿಗೆ ಇದೊಂದೇ ದಿಗಿಲು. ಡೈರಿ ತೆಗೆದು ಹಾಗೆಂದೇ ಒಂದು ಸಾಲು ಬರೆದಳು. ಬಿ.ಎಸ್ಸಿ. ಮುಗಿಸಿದವಳು ಇಷ್ಟಕ್ಕೆಲ್ಲ ಹೆದರುತ್ತಾಳೆಂದರೆ ಕೇಳಿದವರು ನಕ್ಕಾರು ಅನ್ನಿಸಿ ಅದರ ಮೇಲೆ ಗೀಟು ಎಳೆದಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಅವಳ ಗಂಟಲಿನಿಂದ ‘ಎಸ್ ಸರ್’ ಹೊರಡುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿಬಿಟ್ಟಿರುತ್ತಿದ್ದರು. ಅಂಥವಳನ್ನು ಅಪ್ಪ ಬೆಟ್ಟಸ್ವಾಮಿ, ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ, ಅಜ್ಜಿಯ ಹಲ್ಲಿನ ಡಾಕ್ಟರ ಮುಂದೆ ಕೂರಿಸಲು ಹೊರಡಿಸಿದ್ದ.

“ನಿಸರ್ಗಾ, ಬಾರವ್ವ ಇತ್ಲಾಗೆ. ಹೊತ್ತಾಯ್ತು.”

ದೇವರ ಕೋಣೆಯಿಂದ ಅಜ್ಜಿ ಪುಟ್ಟಗಂಗಮ್ಮ ಕರೆದಳು. ನಿಸರ್ಗ ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದು, ಅಜ್ಜಿಯ ಕೊರಳಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯ ಮುಚ್ಚಳ ಬಿಚ್ಚಿದಳು. ಒಳಗಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅಜ್ಜಿ ಪೂಜೆಗೆ ಕುಳಿತಳು. ಪೂಜೆ ಮುಗಿದ ಮೇಲೆ ಮುಚ್ಚಳ ಹಾಕುವುದೂ ನಿಸರ್ಗಳ ಕೆಲಸವೇ. ಮನೆಯವರು ಅದನ್ನು ಮೊಮ್ಮಗಳ ಭಕ್ತಿ ಎಂದುಕೊಂಡಿದ್ದರು.

ಭಕ್ತಿಯಲ್ಲ. ಹಿಂದಿನ ವರ್ಷ ಗೌರಿ ಹಬ್ಬದ ಹೊತ್ತಿಗೆ ಅಜ್ಜಿಯ ಬಲಗೈಗೆ ಹಿಡಿದ ಜೋಮು ಬಿಟ್ಟೇ ಇರಲಿಲ್ಲ. ಅಂಗೈ ನೆಟ್ಟಗಿತ್ತು. ರೊಟ್ಟಿ ತಟ್ಟುತ್ತಿದ್ದಳು, ಸಗಣಿ ಬಾಚುತ್ತಿದ್ದಳು, ಸಿಟ್ಟು ಬಂದಾಗ ನೆಲ ಬಡಿಯುತ್ತಿದ್ದಳು. ಬೆರಳುಗಳ ಹಿಡಿತ ಮಾತ್ರ ಹೋಗಿತ್ತು. ಸೂಜಿಯೋ, ಗುಂಡಿಯೋ, ಅಕ್ಕಿಯೊಳಗಿನ ಕಲ್ಲೋ, ಚಿವುಟಿ ಹಿಡಿಯುವಂಥದ್ದು ಯಾವುದೂ ಆಗುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನಿಸರ್ಗಳೊಬ್ಬಳಿಗೇ.

“ಯಾರಿಗೂ ಅನ್ಬ್ಯಾಡ ಕಣವ್ವ,” ಎಂದು ಅಜ್ಜಿ ಆಗಲೇ ಕೈಮುಗಿಯುವಂತೆ ಹೇಳಿದ್ದಳು. “ಕೈ ಬಿದ್ದೋಯ್ತು ಅಂದ್ರೆ ಮೊದ್ಲು ಅಟ್ಟದ ಬೀಗದ ಕೈ ಕೇಳ್ತಾರೆ. ಆಮೇಕೆ ಜಂಗಮರಿಗೆ ಎಡೆ ಮಾಡೋ ಸೌಟು ಕೇಳ್ತಾರೆ. ಆಮೇಕೆ ಮೂಲೇಲಿ ಚಾಪೆ ಹಾಸಿ, ಸುಮ್ಕೆ ಕುಂತ್ಕೋ ಅಂತಾರೆ. ನಮ್ಮತ್ತೆಗೆ ನಾನೇ ಅಂದಿದ್ದೆ, ಅದ್ಕೇ ಗೊತ್ತು.”

ಬಿಳಿಗೆರೆಯ ಆ ಮನೆಯಲ್ಲಿ ಅಟ್ಟವೆಂದರೆ ಸಾಮಾನ್ಯವಲ್ಲ. ವರ್ಷದ ತೆಂಗಿನಕಾಯಿ ಅಲ್ಲೇ ಒಣಗಿ, ಒಳಗೊಳಗೇ ಕೊಬ್ಬರಿಯಾಗಿ ಇಳಿಯಬೇಕು. ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಸೊಸೆಯಾಗಿ ಬಂದು ತಲೆ ನರೆಯುವ ಕಾಲ ಬಂದರೂ ನಿಸರ್ಗಳ ಅಮ್ಮ ದ್ರಾಕ್ಷಾಯಣಮ್ಮ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಕಾಯಿ ಒಡೆಸುವ ದಿನ ಅಜ್ಜಿ ಮಣೆ ಹಾಕಿಕೊಂಡು ಕೂರುವಳು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ ಕೊಬ್ಬರಿ ಗಿಟುಕಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಅಗಿದು, “ಇದು ಸಿಹಿ. ಇದು ಕಮಟು. ಇದುನ್ನ ಎಣ್ಣೆಗೆ ಹಾಕು,” ಎಂದು ವಿಂಗಡಿಸುವಳು. ಆಳುಗಳೂ ಅದಕ್ಕೆ ಎದುರಾಡುತ್ತಿರಲಿಲ್ಲ.

ಹಲ್ಲು ಹೋದ ಮೇಲೆ ಆ ರುಚಿಯೂ ಹೋಯಿತು. ಕೆಳಗಿನ ಹಲ್ಲು ಅಷ್ಟಿಷ್ಟು ಉಳಿದಿದ್ದವು. ಮೇಲಿನ ಸಾಲು ಪೂರ್ತಿ ಬೋಳು. ತಿಪಟೂರಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಅಂಗುಳನ್ನೆಲ್ಲ ಮುಚ್ಚಿಕೊಂಡು, “ಬಾಯೊಳಗೆ ತಟ್ಟೆ ಮಗುಚಿದಂಗೈತೆ, ಕೊಬ್ರಿನೂ ಒಂದೇ ಕರಟಾನೂ ಒಂದೇ,” ಎಂದು ಅಜ್ಜಿ ಗೊಣಗುವಂತಾಯಿತು. ಅದೂ ನಿಲ್ಲುತ್ತಿರಲಿಲ್ಲ. ತುರುವೇಕೆರೆಯಿಂದ ನಿಸರ್ಗಳನ್ನು ನೋಡಲು ಬಂದವರ ಎದುರು ಅಜ್ಜಿ ಯಾವುದೋ ಮಾತಿಗೆ ಜೋರಾಗಿ ನಕ್ಕಾಗ ಮೇಲಿನ ಸೆಟ್ಟು ಕಳಚಿ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಬಂದವರು ನಗಲಿಲ್ಲ, ಅದೇ ಕೆಟ್ಟದ್ದಾಯಿತು. ಆಮೇಲೆ ಅಜ್ಜಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಳು. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಮುದ್ದೆ ನುಂಗುತ್ತಿದ್ದಳು.

ಅದನ್ನು ನೋಡಲಾರದೆ ಬೆಟ್ಟಸ್ವಾಮಿ ತುಮಕೂರಿನ ಡಾಕ್ಟರ ಹತ್ತಿರ ದವಡೆಯ ಮೂಳೆಗೇ ಸ್ಕ್ರೂ ಹಾಕಿಸಿದ್ದ. ಅವು ಮೂಳೆಯಲ್ಲಿ ಕಚ್ಚಿಕೊಳ್ಳಲೆಂದು ಅರ್ಧ ವರ್ಷ ಕಾದದ್ದೂ ಆಗಿತ್ತು. ಈಗ ಅವಕ್ಕೆ ಹಲ್ಲು ಕೂರಿಸುವ ಸಮಯ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ಅಪ್ಪ, ಅಜ್ಜಿ, ನಿಸರ್ಗ ಮೂವರೂ ಎದುರು ಕೂರುತ್ತಲೇ ಗುಲಾಬಿ ಬಣ್ಣದ ಪ್ಲಾಸ್ಟಿಕ್ ದವಡೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಮೇಲಿನ ದವಡೆ ಮೂಳೆ ಸ್ವಲ್ಪ ಮೆತ್ತಗಿರುತ್ತೆ. ಅದಕ್ಕೇ ನಾಲ್ಕು ಸ್ಕ್ರೂ ಹಾಕಿದೀವಿ. ಈಗ ಹಲ್ಲಿನ ಸೆಟ್ಟು ಆ ನಾಲ್ಕನ್ನ ಹೇಗೆ ಹಿಡ್ಕೋಬೇಕು ಅನ್ನೋದನ್ನ ನೀವು ಹೇಳ್ಬೇಕು. ಇದು ನೋಡಿ, ಗುಂಡಿ. ರವಿಕೆಗೆ ಟಿಚ್ ಗುಂಡಿ ಇರುತ್ತಲ್ಲ, ಹಾಗೇ. ಒತ್ತಿದ್ರೆ ಕೂರುತ್ತೆ, ಎಳೆದ್ರೆ ಬರುತ್ತೆ. ಒಳಗಿನ ರಬ್ಬರ್ ಬಳೆ ಸವೆದ್ರೆ ಬಂದು ಹಾಕಿಸ್ಕೊಂಡು ಹೋಗೋದು. ತೊಳೆಯೋದು ಸುಲಭ. ಆದ್ರೆ ನಾಲ್ಕೂ ಸ್ಕ್ರೂ ಬೇರೆ ಬೇರೆ ನಿಂತು ಭಾರ ಹೊರಬೇಕು.”

ಇನ್ನೊಂದು ದವಡೆ ಮುಂದೆ ತಳ್ಳಿದರು. ಅದರಲ್ಲಿ ನಾಲ್ಕೂ ಸ್ಕ್ರೂಗಳನ್ನು ಸೇರಿಸಿ ಒಂದು ಸಣ್ಣ ಹೊಳೆಯುವ ಕಂಬಿ ಬಾಗಿಕೊಂಡು ಹೋಗಿತ್ತು.

“ಇದು ಕಂಬಿ. ನಾಲ್ಕನ್ನೂ ಒಟ್ಟಿಗೆ ಕಟ್ಟಿಹಾಕುತ್ತೆ, ಭಾರ ಹಂಚ್ಕೊಳ್ಳುತ್ತೆ. ಸೆಟ್ಟು ಇದರ ಮೇಲೆ ಕ್ಲಿಪ್ಪಲ್ಲಿ ಕಚ್ಕೊಳ್ಳುತ್ತೆ. ಬಿಗಿ ಅಂದ್ರೆ ಇದೇ ಬಿಗಿ. ಆದ್ರೆ ತೆಗೆಯುವಾಗ ಎರಡೂ ಕಡೆ ಬೆರಳು ಕೊಟ್ಟು ಒಂದೇ ಸಮ ಇಳಿಸಬೇಕು. ಒಂದೇ ಕಡೆ ಎಳೀಬಾರದು. ಕಂಬಿ ಕೆಳಗೆ ದಿನಾ ದಾರ ಹಾಕಿ ಉಜ್ಜಬೇಕು, ಇಲ್ಲದಿದ್ರೆ ಒಸಡು ಕೀವು ಕಟ್ಟುತ್ತೆ. ಇದು ಮೂರನೇದು, ಅಯಸ್ಕಾಂತ. ಬಾಯಿ ಹತ್ರ ತಂದ್ರೆ ತಾನೇ ಕೂರುತ್ತೆ. ಕೈ ನಡುಗೋರಿಗೆ, ಬೆರಳಲ್ಲಿ ಶಕ್ತಿ ಇಲ್ಲದೋರಿಗೆ ಕೊಡ್ತೀವಿ. ಹಿಡಿತ ಕಡಿಮೆ, ಬಾಳಿಕೆನೂ ಕಡಿಮೆ.”

“ಅಂಗುಳು ಮುಚ್ಚುತ್ತಾ ತಾಯಿ?” ಅಜ್ಜಿ ಕೇಳಿದಳು. ಅವಳಿಗೆ ಬೇಕಿದ್ದದ್ದು ಅದೊಂದೇ.

“ಕಂಬಿ ಹಾಕಿದ್ರೆ ಅಂಗುಳು ಪೂರ್ತಿ ಬಿಟ್ಟು ಮಾಡ್ಬಹುದು ಅಜ್ಜಿ. ಗುಂಡಿಗೂ ಬಿಡಬಹುದು, ಅಂಗುಳಿಗೆ ಅಡ್ಡ ಒಂಚೂರು ಪಟ್ಟಿ ಇಟ್ಕೊಂಡು. ನಿಮ್ಮ ಬೆರಳು ಹೇಗಿದೆ? ಹಿಡಿತ ಎಲ್ಲಾ ಸರಿ ಇದೆಯಾ?”

ಅಜ್ಜಿಯ ಬಲಗೈ ಸೆರಗಿನೊಳಗಿತ್ತು. “ರೊಟ್ಟಿ ತಟ್ಟೋ ಕೈ ಕಣವ್ವ ಇದು,” ಎಂದು ನಕ್ಕಳು.

ಡಾಕ್ಟರಮ್ಮನೂ ನಕ್ಕು ನಿಸರ್ಗಳ ಕಡೆ ತಿರುಗಿದರು. “ಮನೇಲಿ ನೀವು ನೋಡ್ತೀರಲ್ಲ. ತೆಗೆದು ಹಾಕೋದು ಅಜ್ಜಿ ಕೈಲೇ ಆಗುತ್ತೆ ತಾನೆ?”

ಬಂದೇಬಿಟ್ಟಿತ್ತು ಪ್ರಶ್ನೆ. ಅಪ್ಪ ಅವಳ ಮುಖ ನೋಡುತ್ತಿದ್ದ. ಮೇಜಿನ ಕೆಳಗೆ ಅಜ್ಜಿಯ ಮೊಣಕಾಲು ಅವಳ ಮೊಣಕಾಲಿಗೆ ಒತ್ತಿತು. ನಿಸರ್ಗ ತಲೆ ಆಡಿಸಿದಳು. ಆಗುತ್ತದೆ ಎನ್ನುವ ಹಾಗೆ.

ಆ ರಾತ್ರಿಯ ಊಟಕ್ಕೆ ಹುರುಳಿಕಾಳಿನ ಸಾರು, ಮುದ್ದೆ. ಅಣ್ಣ ಮಹಾಂತೇಶ್ ತಿಪಟೂರಿನ ತನ್ನ ಮೋಟಾರ್ ರಿಪೇರಿ ಅಂಗಡಿಯಿಂದ ಬಂದು ಕೈ ತೊಳೆಯುತ್ತಲೇ ಶುರುಮಾಡಿದ.

“ಮ್ಯಾಗ್ನೆಟ್ಟೇ ಹಾಕ್ಸಿ ಅಪ್ಪಾ. ಸ್ಪೀಕರ್ ಒಳಗೂ ಅದೇ ಇರಾದು. ಅಜ್ಜಿ ಬಾಯಿ ತೆಗೆದ್ರೆ ಎಫ್ಎಂ ಬತ್ತದೆ.”

“ಥೂ ನಿನ್ನ,” ಒಳಗಿನಿಂದ ಅಜ್ಜಿ ಕೂಗಿದಳು. “ಬಾಗ್ಲು ಹತ್ರ ಹೋದ್ರೆ ಅಗಳಿ ಬಂದು ಮೂತಿಗೆ ಅಂಟ್ಕಂಡೀತು ಕಣ್ಲಾ!”

ದ್ರಾಕ್ಷಾಯಣಮ್ಮ ಸಾರು ಬಡಿಸುತ್ತ, ಯಾರ ಮುಖವನ್ನೂ ನೋಡದೆ, “ಗುಂಡಿ ವಾಸಿ ಅನ್ಸುತ್ತೆ. ತೊಳೆಯಾದು ಸಲೀಸು ಅಂದ್ರಂತಲ್ಲ ಡಾಕ್ಟ್ರು,” ಅಂದಳು.

“ನಿಂಗೇನು ಗೊತ್ತು?” ಬೆಟ್ಟಸ್ವಾಮಿ ಮುದ್ದೆ ಮುರಿದ. “ಮೂರು ಜನ ಬೆಲೆ ಕೂಗವ್ರೆ ಅಂತ ಇಟ್ಕೋ. ಯಾರ್ದು ಜಾಸ್ತಿ? ಕಂಬೀದು. ಅಂದ್ಮೇಲೆ ಕಂಬಿನೇ. ಬುಧವಾರ, ಶನಿವಾರ ತಿಪಟೂರು ಕೊಬ್ರಿ ಟೆಂಡರ್ ನೋಡಿ ನೋಡಿ ನಾನು ಕಲ್ತಿರಾದು ಇದೊಂದೇ. ಮಾಲು ಹ್ಯಾಗೋ ಬೆಲೆ ಹಂಗೆ. ಬೆಲೆ ಹ್ಯಾಗೋ ಮಾಲು ಹಂಗೆ. ನಮ್ಮವ್ವನ ಬಾಯಿಗೆ ಎರಡನೇ ದರ್ಜೆ ಸಾಮಾನು ಹಾಕ್ಸಿದ್ರೆ ಊರು ಏನಂದೀತು?”

“ಕೊಬ್ರಿ ಬೇರೆ ಹಲ್ಲು ಬೇರೆ ಕಣ್ರೀ.”

“ಬಡಿಸು ನೀನು.”

ಅಮ್ಮ ಬಡಿಸಿದಳು. ನಿಸರ್ಗ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ತಟ್ಟೆಯಲ್ಲೇ ಕರಗಿಸಿದಳು. ಹೇಳುವುದಾದರೆ ಈಗಲೇ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಅಪ್ಪ ಎದ್ದು ಕೈ ತೊಳೆದಿದ್ದ.

ಕಂಬಿ ಬಂತು. ಮೊದಮೊದಲು ಎಲ್ಲ ಸೊಗಸಾಗಿಯೇ ಇತ್ತು. ಹೊಸ ಸೆಟ್ಟು ಹಾಕಿಸಿಕೊಂಡು ಬಂದ ದಿನ ಅಜ್ಜಿ ತಾನೇ ಅಟ್ಟದ ಬಾಗಿಲು ತೆಗೆಸಿ, ಒಂದು ಕಾಯಿ ಇಳಿಸಿ ಒಡೆಸಿದಳು. ಗಿಟುಕಿನ ಚೂರಿಗೆ ಬೆಲ್ಲ ಸೇರಿಸಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಅಗಿದಳು. ಜಗಲಿಯ ಮೇಲೆ ಎಲ್ಲರೂ ಸುಮ್ಮನೆ ಕಾಯುತ್ತಿದ್ದರು.

“ಏನವ್ವ?” ಬೆಟ್ಟಸ್ವಾಮಿಗೆ ತಡೆಯಲಾಗಲಿಲ್ಲ.

“ಇದು ಆ ಬಾವಿ ಪಕ್ಕದ ಗಿಡದ್ದು,” ಅಂದಳು ಅಜ್ಜಿ. “ಕೊನೆಗೆ ಒಂದೀಟು ಕಮಟು ಹತ್ಕತಾ ಐತೆ. ಬೇಗ ಇಳಿಸ್ಬುಡಿ.” ಅಂದವಳ ಕಣ್ಣಲ್ಲಿ ನೀರು. ಬೆಟ್ಟಸ್ವಾಮಿ ಟವೆಲಿನಿಂದ ತನ್ನ ಮುಖ ಒರೆಸಿಕೊಂಡ. ಅಂದು ಅಜ್ಜಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಉಂಡಳು.

ಆದರೆ ದಿನವೂ ಅದನ್ನು ತೆಗೆಯಬೇಕಿತ್ತು. ಪೂಜೆಗೆ ಮುಂಚೆ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅಜ್ಜಿ ಬಾಯಿ ತೆರೆದು ಕೂರುವಳು. ನಿಸರ್ಗ ಎರಡೂ ಕಡೆ ಬೆರಳು ಕೊಟ್ಟು ಒಂದೇ ಸಮ ಇಳಿಸುವಳು. ಕರಡಿಗೆಯ ಮುಚ್ಚಳ ಬಿಡಿಸಿದಷ್ಟೇ ಸದ್ದು. ಆಮೇಲೆ ಕಂಬಿಯ ಕೆಳಗೆ ದಾರ ಎಳೆದು ಉಜ್ಜಬೇಕು. ಮೊದಲ ದಿನಗಳಲ್ಲಿ ಆ ಬೆಚ್ಚಗಿನ ಬಾಯಿಯ ವಾಸನೆಗೆ ಅವಳಿಗೆ ಓಕರಿಕೆ ಬರುತ್ತಿತ್ತು. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ಗೊತ್ತಾಗುತ್ತಿತ್ತು.

“ನಿನ್ನ ಕುಂಡಿ ತೊಳ್ದೋಳು ನಾನು,” ಎನ್ನುತ್ತಿದ್ದಳು ಸೆಟ್ಟಿಲ್ಲದ ಬಾಯಲ್ಲಿ. “ನೀನು ನನ್ನ ಹಲ್ಲು ತೊಳಿ. ಲೆಕ್ಕ ಚುಕ್ತಾ.”

ಇಬ್ಬರೂ ನಗುತ್ತಿದ್ದರು. ಅಡಿಗೆಮನೆಯ ಕಿಟಕಿಯಿಂದ ಅಮ್ಮ ಒಮ್ಮೊಮ್ಮೆ ಇತ್ತ ನೋಡಿ, ಮತ್ತೆ ಒಳಗೆ ಹೋಗುತ್ತಿದ್ದಳು.

ಆಷಾಢ ಕಳೆಯುತ್ತಲೇ ತುಮಕೂರಿನಲ್ಲಿ ನಿಸರ್ಗಳಿಗೆ ಬಿ.ಎಡ್. ಸೀಟು ಸಿಕ್ಕಿತು. ಹಾಸ್ಟೆಲು. ವಾರಕ್ಕೊಮ್ಮೆ, ಶನಿವಾರ ಸಂಜೆಯ ರೈಲಿಗೆ ಬರಬಹುದಷ್ಟೆ. ಹೊರಡುವ ಹಿಂದಿನ ದಿನ ಅವಳು ಅಜ್ಜಿಯ ಪಕ್ಕ ಕುಳಿತು ಪಿಸುಗುಟ್ಟಿದಳು.

“ಅಮ್ಮಂಗೆ ಹೇಳ್ಲಾ ಅಜ್ಜಿ? ಅಮ್ಮ ತೆಗೆದು ಕೊಡ್ತಾಳೆ.”

“ಹೇಳ್ದೆ ಅಂದ್ರೆ ನನ್ನ ಹೆಣ ನೋಡ್ತೀಯ. ಸೊಸೆ ಮುಂದೆ ಬಾಯಿ ಕಳ್ಕಂಡು ಕೂರಾಕೆ ನಾನೇನು ಹಸುವೇ? ನಾನೇ ತಕ್ಕಂತೀನಿ ಬುಡು. ಎಡಗೈ ಐತಲ್ಲ.”

“ಒಂದೇ ಕಡೆ ಎಳೀಬಾರ್ದು ಅಂದಿದಾರೆ.”

“ನಂಗೊತ್ತು ಬುಡವ್ವ. ಓದು ಹೋಗು.”

ನಿಸರ್ಗ ಕರಡಿಗೆಯ ಮುಚ್ಚಳಕ್ಕೆ ಒಂದು ಸಣ್ಣ ದಾರದ ಕುಣಿಕೆ ಕಟ್ಟಿ, ಎಡಗೈ ಬೆರಳು ತೂರಿಸಿ ಎಳೆಯಲು ಬರುವಂತೆ ಮಾಡಿಕೊಟ್ಟಳು. ಹಲ್ಲಿಗೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟಾಗ ಅಮ್ಮ ಬಸ್‌ಸ್ಟಾಪಿನವರೆಗೂ ಬಂದಳು. ದಾರಿಯುದ್ದಕ್ಕೂ ಹೇಳಲು ಸಮಯವಿತ್ತು. ಹಾಸ್ಟೆಲಿನ ಊಟ, ಸೊಳ್ಳೆ, ಸೋಪು ಎಂದು ಇಬ್ಬರೂ ಬೇರೆ ಏನೇನೋ ಮಾತಾಡಿದರು.

ಮೊದಲ ಶನಿವಾರ ಬಂದಾಗ ಅಜ್ಜಿ, “ದಿನಾ ತೆಗೀತಾ ಇವ್ನಿ,” ಅಂದಳು. ಭಾನುವಾರ ಬೆಳಗ್ಗೆ ನಿಸರ್ಗ ಇಳಿಸಿ ನೋಡಿದರೆ ಕಂಬಿಯ ಕೆಳಗೆ ವಾರದ ಅನ್ನವೆಲ್ಲ ಗಟ್ಟಿಕಟ್ಟಿತ್ತು. ಅವಳು ದಾರ ಎಳೆದು ಉಜ್ಜಿದಳು. ಮುಂದಿನ ವಾರ ಪರೀಕ್ಷೆಯೆಂದು ಬರಲಾಗಲಿಲ್ಲ. ಅದರ ಮುಂದಿನ ವಾರ ಬಂದಾಗ ಅಜ್ಜಿಯ ಎಡಗೆನ್ನೆ ಊದಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು.

“ಕಿಚ್ಚು ಹತ್ತಿದಂಗೆ ನೋಯುತ್ತೆ,” ಎಂದು ಹಿತ್ತಲಿನಲ್ಲಿ ಒಪ್ಪಿಕೊಂಡಳು. “ಎರಡು ಮೂರು ಕಿತ ತೆಗೆಯಾಕೆ ನೋಡ್ದೆ. ಚಮಚದ ಹಿಡಿ ಸಂದಿಗೆ ಕೊಟ್ಟು ಒಂದು ಕಡೆಯಿಂದ ಎಬ್ಬಿದೆ. ಕರಟದಿಂದ ಗಿಟುಕು ಎಬ್ಬಸಲ್ವಾ, ಹಂಗೆ. ಗಿಟುಕು ಒಂದು ಮಗ್ಗುಲು ಎದ್ರೆ ಇನ್ನೊಂದು ಮಗ್ಗುಲು ತಾನೇ ಬತ್ತದೆ. ಇದು ಬರ್ನಿಲ್ಲ ಕಣವ್ವ. ಒಳಗೆ ಎಲ್ಲೋ ಲಟಕ್ ಅಂತು.”

ನಿಸರ್ಗ ಇಳಿಸಲು ಹೋದರೆ ಅಜ್ಜಿ ಚೀರಿದಳು. ಆ ಚೀರಾಟಕ್ಕೆ ಮನೆಯೆಲ್ಲ ಹಿತ್ತಲಿಗೆ ಬಂತು. ಅವರ ಮುಂದೆ ಅಜ್ಜಿ ಒಸಡು ನೋವು ಅಂದಳೇ ಹೊರತು ಕೈಯ ಮಾತು, ಚಮಚದ ಮಾತು ಎತ್ತಲಿಲ್ಲ.

ಸೋಮವಾರ ತುಮಕೂರಿನಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ತೋರಿಸಿದರು. ಒಸಡು ಕೀವು ಕಟ್ಟಿತ್ತು. ಎಡಗಡೆಯ ಕೊನೆಯ ಸ್ಕ್ರೂ ಮೂಳೆ ಬಿಟ್ಟಿತ್ತು. ಅದನ್ನು ತೆಗೆದು ಕಂಬಿಯನ್ನೂ ಬಿಚ್ಚಿದರು. ಒಸಡು ಮಾಯುವವರೆಗೆ ಅಜ್ಜಿಯ ಬಾಯಿ ಮತ್ತೆ ಬೋಳು.

“ಇನ್ನೊಂದು ಸ್ಕ್ರೂ ಹಾಕಿ, ಅದು ಕಚ್ಕೊಂಡ ಮೇಲೆ ಮತ್ತೆ ಕಂಬಿ ಹಾಕ್ಬಹುದು. ಇಲ್ಲಾ ಉಳಿದ ಮೂರಕ್ಕೇ ಗುಂಡಿಯೋ ಅಯಸ್ಕಾಂತವೋ ಹಾಕೋದು. ಮನೇಲಿ ಯೋಚ್ನೆ ಮಾಡಿ, ಫೋನ್ ಮಾಡಿ ಹೇಳಿ,” ಅಂದರು. ಈ ಸಲ ನಿಸರ್ಗಳ ಕಡೆ ತಿರುಗಲಿಲ್ಲ. ಅವರ ಹಿಂದೆ ಬೇರೆ ರೋಗಿಗಳು ಕಾಯುತ್ತಿದ್ದರು.

ಮನೆಯಲ್ಲಿ ಆ ವಾರವೆಲ್ಲ ಬೈಗುಳ ಬಿದ್ದದ್ದು ಅಮ್ಮನಿಗೆ. ಮುಂದಿನ ಶನಿವಾರ ನಿಸರ್ಗ ಬಂದ ಮೇಲೆ, ಭಾನುವಾರದ ಊಟದ ಹೊತ್ತಿಗೂ ಅದೇ ನಡೆಯುತ್ತಿತ್ತು.

“ನಮ್ಮವ್ವನ ಹಲ್ಲು ತೊಳ್ಕಳಾಕೆ ಒಂದು ಲೋಟ ಬಿಸ್ನೀರು ಕೊಡಾಕೂ ನಿನ್ ಕೈ ಸವೀತಾ?” ಬೆಟ್ಟಸ್ವಾಮಿ ತಟ್ಟೆಯ ಮುಂದೆಯೇ ಗುಡುಗಿದ. “ದಿನಾ ಉಜ್ಜಬೇಕು ಅಂದಿದ್ರು. ಉಜ್ಜಿದ್ಯಾ ಅಂತ ಒಂದ್ ದಿನ ಕೇಳಿದ್ಯಾ? ಮಗಳು ಓದಾಕೋದ್ಲು, ಮುಗೀತು. ಮುದುಕಿ ಬಾಯಿ ಕೊಳೆತ್ರೂ ನಿಂಗೇನು?”

“ಅಪ್ಪಾ, ನೀವು ಕೇಳಿದ್ರಾ ಒಂದ್ ದಿನ?” ಮಹಾಂತೇಶ್ ಅಂದ.

“ಮುಚ್ಲಾ. ಇದು ಹೆಂಗಸರ ಕೆಲಸ.”

ದ್ರಾಕ್ಷಾಯಣಮ್ಮ ಖಾಲಿಯಾದ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಗೋಡೆಗೊರಗಿ ಕುಳಿತಿದ್ದ ಅಜ್ಜಿ ಅನ್ನವನ್ನು ಕಿವುಚುತ್ತಲೇ ಇದ್ದಳು, ಅದು ಗಂಜಿಯಾಗಿ ಎಷ್ಟೋ ಹೊತ್ತಾಗಿದ್ದರೂ.

ನಿಸರ್ಗ ಅಮ್ಮನ ಹಿಂದೆ ಹೋದಳು. ಅಮ್ಮ ಒಲೆಯ ಮುಂದೆ ಕುಳಿತು, ಬೆಳಗ್ಗೆ ಅಜ್ಜಿ ತಟ್ಟಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

“ಅಮ್ಮಾ, ನೀನು ಯಾಕೆ ಸುಮ್ನಿರ್ತೀಯ? ನಿಂದೇನು ತಪ್ಪು?”

“ನಂದಲ್ಲ ಅಂತ ನಂಗೊತ್ತು. ನಿಂಗೂ ಗೊತ್ತು.”

ಅಮ್ಮ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. ನಡುವೆ ಕಾಗದದಷ್ಟು ತೆಳ್ಳಗಿತ್ತು. ಅಂಚು ಮಾತ್ರ ಸುತ್ತಲೂ ಒಡೆದು ಹಲ್ಲುಹಲ್ಲಾಗಿತ್ತು.

“ಅಂಚು ಕೂಡಿಸಾಕೆ ಬೆರಳು ಬೇಕು ಕಣೇ. ಹೋದ ಗೌರಿ ಹಬ್ಬದಿಂದ್ಲೂ ಅತ್ತೆ ರೊಟ್ಟಿ ಹಿಂಗೇ. ನಾನು ಇಷ್ಟು ವರ್ಷ ಅವರ ಪಕ್ಕದಲ್ಲಿ ಬೇಯಿಸ್ದೋಳು, ನಂಗೆ ತಿಳಿಯಲ್ವಾ? ಕಿಟಕೀಲಿ ನಿಮ್ಮಿಬ್ರುನ್ನೂ ನೋಡಿಲ್ವಾ?”

“ಗೊತ್ತಿದ್ದೂ… ನಾನು ಹೋದ್ಮೇಲೆ ನೀನು ಯಾಕಮ್ಮ ತೆಗೆದು ಕೊಡ್ಲಿಲ್ಲ?”

“ಕೊಡ್ತೀನಿ ಅಂತ ಹೋದೆ. ಬಿಸ್ನೀರಿಟ್ಕಂಡು ಎರಡು ದಿನ ಹಿತ್ತಲಲ್ಲಿ ಕಾದೆ. ‘ನಿಂಗೇನು ಇಲ್ಲಿ ಕೆಲಸ, ನಾನಿನ್ನೂ ಸತ್ತಿಲ್ಲ,’ ಅಂದ್ರು. ಲೋಟ ಇಟ್ಟು ಬಂದೆ.” ಅಮ್ಮ ರೊಟ್ಟಿಯನ್ನು ಮಡಿಸಿ ಇಟ್ಟಳು. “ನಿಮ್ಮಪ್ಪನ ಹತ್ರ ಹೇಳೋಣ ಅಂದ್ರೆ, ನಾನು ಹೇಳಿದ್ರೆ ಬೀಗದ ಕೈಗೆ ಆಸೆ ಬಿದ್ಲು ಅಂತಾರೆ. ಊರೂ ಹಂಗೇ ಅಂತದೆ. ನೀನು ಹೇಳಿದ್ರೆ ಅಜ್ಜಿ ಮೇಲಿನ ಕಕ್ಕುಲಾತಿ ಅಂತಾರೆ. ಈ ಮನೇಲಿ ಆ ಮಾತು ಆಡೋ ಬಾಯಿ ನಿಂದೊಂದೇ ಇತ್ತು. ಕಾಯ್ಕಂಡಿದ್ದೆ ನಾನು.”

ಬೈದಿದ್ದರೆ ನಿಸರ್ಗ ಅತ್ತು ಹಗುರಾಗುತ್ತಿದ್ದಳು. ಅಮ್ಮ ಬೈಯಲಿಲ್ಲ. ಒಲೆಯ ಬೂದಿ ಕೆದಕಿ, “ಹೋಗು, ಮಜ್ಜಿಗೆ ಬಡಿಸು,” ಅಂದಳು.

ನಿಸರ್ಗ ಮಜ್ಜಿಗೆಯ ಚೊಂಬು ಹಿಡಿದು ಹೊರಗೆ ಬಂದಾಗ ಅಪ್ಪ ಕೈ ತೊಳೆದು ಬಂದು ಫೋನಿನ ಹತ್ತಿರ ನಿಂತಿದ್ದ. ನಡುಮನೆಯ ಗೂಡಿನಲ್ಲಿಟ್ಟ ಆ ಫೋನಿನಲ್ಲಿ ಅವನು ಯಾವಾಗಲೂ ಆಳು ಮರದ ಮೇಲಿದ್ದಾನೇನೋ ಎನ್ನುವಂತೆ ಕೂಗಿ ಮಾತಾಡುತ್ತಿದ್ದ.

“ಹಲೋ! ಡಾಕ್ಟ್ರಾ ಮೇಡಂ? ನಾನು ಬಿಳಿಗೆರೆ ಬೆಟ್ಟಸ್ವಾಮಿ! ಭಾನ್ವಾರ ತೊಂದ್ರೆ ಕೊಡ್ತಾ ಇದೀನಿ, ತಪ್ಪು ತಿಳೀಬ್ಯಾಡಿ! ಹೂಂ, ಯೋಚ್ನೆ ಮಾಡಿದ್ವಿ! ಕಂಬಿನೇ ಹಾಕ್ಬುಡಿ! ಇನ್ನೊಂದು ಸ್ಕ್ರೂ ಹಾಕಿ, ಕಂಬಿನೇ! ಹೂಂ… ಹೂಂ… ಇಲ್ಲ ಇಲ್ಲ, ಇನ್ಮೇಲೆ ಸರಿಯಾಗಿ ನೋಡ್ಕಂತಾರೆ, ನಾನು ಮನೇಲಿ ಜೋರು ಮಾಡಿದೀನಿ!”

ಮಹಾಂತೇಶ್ ತಟ್ಟೆ ನೋಡುತ್ತ ಕುಳಿತಿದ್ದ. ಅಮ್ಮ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಅಜ್ಜಿಯ ಬಲಗೈ ಸೆರಗಿನೊಳಗೆ ಹೋಗಿತ್ತು. ಸೊಂಟದ ಬೀಗದ ಕೈ ಒಮ್ಮೆ ಕಿಣಿ ಅಂದಿತು.

ಹಲ್ಲಿಲ್ಲದ ಅಜ್ಜಿಯ ಮೇಲ್ತುಟಿ ಒಳಗೆ ಸರಿದು ಮೂಗು ಮುಂದೆ ಬಂದಂತಾಗಿತ್ತು. ಜಗಲಿಯ ಮೇಲೆ ಕಣ್ಣು ಮುಚ್ಚಿ ಕೊಬ್ಬರಿ ಅಗಿದಿದ್ದ ಮುಖ ಇದೇನಾ ಅನ್ನಿಸಿತು ನಿಸರ್ಗಳಿಗೆ. ತಾನು ಅಂದು ತಲೆ ಆಡಿಸದೆ ಇದ್ದಿದ್ದರೆ ಕಂಬಿಯ ಬದಲು ಗುಂಡಿ ಬಂದು ಅಂಗುಳಿಗೆ ಒಂದು ಪಟ್ಟಿ ಹೆಚ್ಚಾಗುತ್ತಿತ್ತು ಅಷ್ಟೆ, ಆ ರುಚಿ ಬಾಯಲ್ಲಿ ಉಳಿದಿರುತ್ತಿತ್ತು.

ಬೆಟ್ಟಸ್ವಾಮಿ ರಿಸೀವರನ್ನು ಎದೆಗೆ ಒತ್ತಿಕೊಂಡು ಇತ್ತ ತಿರುಗಿದ.

“ಡಾಕ್ಟ್ರು ಮತ್ತೆ ಕೇಳ್ತಾವ್ರೆ. ಅವ್ವ ತನ್ನ ಕೈಯಾರೆ ತೆಗೆದು ಹಾಕ್ಕಂತಾಳಾ, ಖಾತ್ರಿ ಮಾಡ್ಕಂಡು ಹೇಳಿ ಅಂತ. ಇದನ್ನೇನು ಕೇಳಾದು! ಹೂಂ ಅಂತೀನಿ.”

“ಹೂಂ ಅನ್ನಪ್ಪ,” ಅಜ್ಜಿ ಅಂದಳು. ಅಂದು ಮೊಮ್ಮಗಳ ಕಡೆ ನೋಡಿದಳು. ಪಕ್ಕದಲ್ಲಿದ್ದಿದ್ದರೆ ಮೊಣಕಾಲು ಒತ್ತುತ್ತಿದ್ದಳು. ಈಗ ನಡುವೆ ಇಡೀ ನಡುಮನೆ ಇತ್ತು.

ನಿಸರ್ಗ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟಳು. ಅಪ್ಪ ರಿಸೀವರನ್ನು ಬಾಯಿಯ ಹತ್ತಿರ ತರುವಷ್ಟರಲ್ಲಿ ಅವಳ ದನಿ ಹೊರಬಂತು. ತಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ತುಮಕೂರಿನವರೆಗೂ ಕೇಳಿರಬೇಕು.

“ಇಲ್ಲ ಅನ್ನಿ ಅಪ್ಪಾ. ಅಜ್ಜಿ ಕೈಲಿ ಆಗಲ್ಲ. ಮೊದ್ಲಿಂದ್ಲೂ ಆಗ್ತಿರ್ಲಿಲ್ಲ.”